ಕುದುರೆಯ ಹೊಟ್ಟೆಯೊಳಗಿನ ಬಚ್ಚಲೊಲೆ

ಪ್ರಶ್ನೆ: ನಮ್ಮ ಮೂಲ ಬಾಗಲಕೋಟೆ ಕಡೆ. ಅಪ್ಪನ ಕಾಲದಿಂದ ಪುಣೆಯಲ್ಲಿದ್ದೇವೆ, ವಾಘೋಲಿ ಹತ್ತಿರ. ಮದುವೆ ಮೆರವಣಿಗೆಗೆ ಕುದುರೆ ಕೊಡುವುದು ನಮ್ಮ ಕೆಲಸ. ಎರಡು ಕುದುರೆ ಇವೆ. ಒಂದು ಬಿಳಿ ಹೆಣ್ಣು ಕುದುರೆ, ಆರು ವರ್ಷದ್ದು. ಹೋದ ತಿಂಗಳು ಸಾರಂಗಖೇಡಾ ಜಾತ್ರೆಯಲ್ಲಿ ಕೊಂಡು ತಂದೆವು. ಇನ್ನೊಂದು ರೇಸಿನಿಂದ ಬಿಟ್ಟ ಗಂಡು, ಹದಿನೆಂಟು ವರ್ಷ. ಚಳಿ ಶುರುವಾದ ಮೇಲೆ ಹಳೆಯದು ಇಳಿಯುತ್ತಾ ಬಂದಿದೆ, ಪಕ್ಕೆಲುಬು ಕಾಣುತ್ತಿವೆ. ಹೊಸದಕ್ಕೆ ಬಂದ ವಾರದಲ್ಲೇ ಹೊಟ್ಟೆಶೂಲೆ ಬಂದು, ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು. ಅಪ್ಪ ‘ಚಳಿಗೆ ಕಾಳು ಜಾಸ್ತಿ ಮಾಡು, ಸಜ್ಜೆ, ಬೆಲ್ಲ, ತುಪ್ಪ ಕೊಡು’ ಅನ್ನುತ್ತಾರೆ. ಈಗ ಒಂದೊಂದಕ್ಕೆ ದಿನಕ್ಕೆ ಐದು ಕೆಜಿ ಸಜ್ಜೆ-ಕಡಲೆ ಕೊಡುತ್ತಿದ್ದೇವೆ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಸಂಜೆ ಬೂಸಾ ಕಲಸಿ ಕೊಡುತ್ತೇವೆ. ಒಣ ಹುಲ್ಲು ದುಬಾರಿ ಅಂತ ಎರಡು ಹೊತ್ತು ಸ್ವಲ್ಪ ಸ್ವಲ್ಪ ಜೋಳದ ಕಣಿಕೆ, ಜೊತೆಗೆ ಕಬ್ಬಿನ ವಾಡಿ, ಅಂದರೆ ತುದಿಯ ಹಸಿರು ಎಲೆ, ಹಾಕುತ್ತೇವೆ. ಚಳಿಗಾಲದಲ್ಲಿ ಸರಿಯಾಗಿ ಏನು ತಿನ್ನಿಸಬೇಕು ಡಾಕ್ಟ್ರೇ?

ಉತ್ತರ:

ನಿಮ್ಮ ಅಪ್ಪ ಹೇಳುವುದರಲ್ಲಿ ಅರ್ಧ ಸರಿ ಇದೆ. ಚಳಿಗಾಲದಲ್ಲಿ ಕುದುರೆಗೆ ಮೈ ಬೆಚ್ಚಗಿಡುವ ಆಹಾರ ಬೇಕು. ಆದರೆ ಅದು ಸಜ್ಜೆಯೂ ಅಲ್ಲ, ಬೆಲ್ಲವೂ ಅಲ್ಲ. ಒಣ ಹುಲ್ಲು. ನೀವು ದುಬಾರಿ ಅಂತ ಕಡಿಮೆ ಮಾಡಿದ್ದೀರಲ್ಲ, ಅದೇ.

ಪುಣೆಯ ಚಳಿ ಎಷ್ಟು ಅಂತ ಮೊದಲು ನೋಡೋಣ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 10–12 ಡಿಗ್ರಿ. ಕೆಲವು ದಿನ 8ಕ್ಕೂ ಇಳಿಯುತ್ತದೆ. ಮಧ್ಯಾಹ್ನ ಮತ್ತೆ 28–30. ನಮಗೆ ಸ್ವೆಟರು, ಮಂಕಿ ಕ್ಯಾಪು ಬೇಕಾಗುತ್ತವೆ, ನಿಜ. ಮೈತುಂಬಿದ ಕುದುರೆಗೆ ಇದು ಚಳಿಯೇ ಅಲ್ಲ. ನಮ್ಮಂಥ ಬೆಚ್ಚಗಿನ ಸೀಮೆಯ ಕುದುರೆಗೂ ಸುಮಾರು 5 ಡಿಗ್ರಿ ತನಕ ಮೈ ಬಿಸಿ ಉಳಿಸಿಕೊಳ್ಳಲು ಹೆಚ್ಚಿನ ಆಹಾರ ಬೇಕಾಗುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗೆ ಒಗ್ಗಿದ ಕುದುರೆಗಳು ಮೈನಸ್ 15ರಲ್ಲೂ ಬಯಲಲ್ಲಿ ನಿಲ್ಲುತ್ತವೆ. ಹಾಗಾಗಿ ನಿಮ್ಮ ಹಳೆಯ ಕುದುರೆ ಇಳಿದದ್ದಕ್ಕೆ ಚಳಿಯ ಮೇಲೆ ತಪ್ಪು ಹೊರಿಸುವುದು ಬೇಡ. ಚಳಿಗಾಲದಲ್ಲಿ ಪುಣೆಯಲ್ಲಿ ನಿಜಕ್ಕೂ ಬದಲಾಗುವುದು ಮೇವು. ಮಳೆಗಾಲದ ಹಸಿ ಹುಲ್ಲು ಮುಗಿದಿರುತ್ತದೆ, ಸಿಕ್ಕಿದ್ದನ್ನು ಹಾಕುವ ಕಾಲ ಬಂದಿರುತ್ತದೆ. ಕುದುರೆ ನೀರೂ ಕಡಿಮೆ ಕುಡಿಯುತ್ತದೆ. ನನ್ನ ಕೈಗೆ ಈ ತಿಂಗಳಲ್ಲಿ ಬರುವ ಹೊಟ್ಟೆಶೂಲೆಯ ಕೇಸುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಊರಿನ ಮನೆಯಲ್ಲಿ ಬಚ್ಚಲೊಲೆ ನೋಡಿದ್ದೀರಿ ಅಲ್ವಾ? ಕಾಗದ, ತೆಂಗಿನ ಗರಿ ಹಾಕಿದರೆ ಭಗ್ಗನೆ ಉರಿದು ಐದು ನಿಮಿಷದಲ್ಲಿ ಬೂದಿ. ರಾತ್ರಿ ಒಂದು ದಪ್ಪ ಕೊರಡು ತಳ್ಳಿಟ್ಟರೆ ಬೆಳಗಿನವರೆಗೆ ಹಂಡೆಯ ನೀರು ಬೆಚ್ಚಗಿರುತ್ತದೆ. ಕುದುರೆಯ ಹೊಟ್ಟೆಯಲ್ಲೂ ಇಂಥ ಒಲೆ ಇದೆ, ಹಿಂದುಗಡೆ, ದೊಡ್ಡ ಕರುಳಿನಲ್ಲಿ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಗಂಟೆಗಟ್ಟಲೆ ಹುದುಗಿಸುತ್ತಾ ಇರುತ್ತವೆ. ಆ ಹುದುಗುವಿಕೆಯಿಂದ ಶಕ್ತಿಯೂ ಬರುತ್ತದೆ, ಬಿಸಿಯೂ ಬರುತ್ತದೆ. ಕಾಳು ಅಷ್ಟು ಹೊತ್ತು ಬಾಳುವುದಿಲ್ಲ. ಬಹುಪಾಲು ಮುಂದಿನ ಸಣ್ಣ ಕರುಳಿನಲ್ಲೇ ಕರಗಿ ಬೇಗ ಮುಗಿಯುತ್ತದೆ. ಅತಿಯಾದರೆ ಕರಗದೆ ಹಿಂದಕ್ಕೆ ಹರಿದು ಆ ಸೂಕ್ಷ್ಮಜೀವಿಗಳನ್ನೇ ಕೆಡಿಸುತ್ತದೆ. ಒಳಗೆ ಹುಳಿ ಏರುತ್ತದೆ, ಗಾಳಿ ತುಂಬುತ್ತದೆ. ಆಮೇಲೆ ಹೊಟ್ಟೆಶೂಲೆ. ಇನ್ನೂ ಕೆಟ್ಟರೆ ಗೊರಸಿನ ಒಳಗೆ ಉರಿ ಬಂದು ಕುದುರೆ ಕಾಲೂರದ ಸ್ಥಿತಿಗೆ ಬರುತ್ತದೆ.

ಹಾಗಾದರೆ ಎಷ್ಟು ಹುಲ್ಲು? ಅದಕ್ಕೆ ಕುದುರೆಯ ತೂಕ ಗೊತ್ತಾಗಬೇಕು. ತೂಕದ ಕಟ್ಟೆಗೆ ಒಯ್ಯಬೇಕಿಲ್ಲ. ಟೇಪು ಸಾಕು. ಟೇಲರ್ ಟೇಪು ಮಾತ್ರ ಬೇಡ, ಅದು 150 ಸೆಂಟಿಮೀಟರಿಗೇ ಮುಗಿಯುತ್ತದೆ, ನಿಮ್ಮ ಕುದುರೆಯ ಎದೆ ಅದಕ್ಕಿಂತ ದೊಡ್ಡದು. ಒಂದು ದಾರ ಸುತ್ತಿ, ಆಮೇಲೆ ದಾರ ಅಳೆಯಿರಿ. ಮುಂಗಾಲಿನ ಹಿಂದೆ, ಹೆಗಲ ದಿಬ್ಬದ ಮೇಲೆ ಹಾಯುವಂತೆ ಎದೆಸುತ್ತು. ಮತ್ತೆ ಭುಜದ ಮುಂದಿನ ಮೂಳೆಯ ತುದಿಯಿಂದ ಹಿಂದೆ ಚಪ್ಪೆಯ ತುದಿವರೆಗೆ ಉದ್ದ. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಎದೆಸುತ್ತು 165, ಉದ್ದ 155 ಸೆಂಟಿಮೀಟರ್ ಇದ್ದರೆ ಸುಮಾರು 355 ಕೆಜಿ. ನಿಮ್ಮ ಬಿಳಿ ಕುದುರೆ ಇದರ ಆಸುಪಾಸಿನಲ್ಲೇ ಇದ್ದೀತು. ರೇಸಿನ ಕುದುರೆ ಎತ್ತರ, ಅದನ್ನು 450 ಅಂತ ಇಟ್ಟುಕೊಳ್ಳೋಣ.

ಒಣ ಮೇವು ದಿನಕ್ಕೆ ಮೈತೂಕದ 100ಕ್ಕೆ 2ರಷ್ಟು ಬೇಕು. ಏನೇ ಆದರೂ ಒಂದೂವರೆಗಿಂತ ಕೆಳಗೆ ಇಳಿಸಬಾರದು. ಅಂದರೆ ಬಿಳಿಯದಕ್ಕೆ 7 ಕೆಜಿ, ಹಳೆಯದಕ್ಕೆ 9 ಕೆಜಿ. ಇದನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಹಳೇ ಪೇಪರಿನವನ ಹತ್ತಿರ ಇರುವಂಥ ಕೊಕ್ಕೆ ತಕ್ಕಡಿ ಒಂದು ತಂದುಕೊಳ್ಳಿ, ಹುಲ್ಲಿನ ಪೆಂಡಿ ತೂಗಿಹಾಕಿ ನೋಡಿ. ಎಷ್ಟೋ ಲಾಯಗಳಲ್ಲಿ ‘ಹೊಟ್ಟೆತುಂಬ ಹಾಕ್ತೀವಿ’ ಅಂದವರ ಪೆಂಡಿ ತೂಗಿದಾಗ ಮೂರು ಕೆಜಿಯೂ ಬಂದಿಲ್ಲ. ಹುಲ್ಲು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ.

ಇದನ್ನು ನಾಲ್ಕು ಸಲ ಹಂಚಿ ಹಾಕಿ. ದೊಡ್ಡ ಪಾಲು ರಾತ್ರಿಗೆ. ಕುದುರೆಯ ಜಠರ ಚಿಕ್ಕದು, ಅದು ತಿನ್ನಲಿ ಬಿಡಲಿ ಹುಳಿ ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ಸುರಿಯುತ್ತಾ ಇರುತ್ತದೆ. ಐದಾರು ಗಂಟೆ ಬರಿಹೊಟ್ಟೆ ಇದ್ದರೆ ಹುಣ್ಣು. ಸಂಜೆ ಏಳಕ್ಕೆ ಹಾಕಿ ಬೆಳಿಗ್ಗೆ ಏಳಕ್ಕೆ ಮತ್ತೆ ನೋಡುವುದು ಬಹಳ ಲಾಯಗಳ ರೂಢಿ. ಮಲಗುವ ಮುಂಚೆ, ಹತ್ತು ಗಂಟೆಗೆ, ಒಂದು ತೋಳು ತುಂಬ ಹುಲ್ಲು ಹಾಕಿ ಬನ್ನಿ. ಬೆಳಗಿನ ಜಾವದ ಚಳಿಗೆ ಒಲೆ ಉರಿಯುತ್ತಾ ಇರುತ್ತದೆ.

ಈಗ ಯಾವ ಹುಲ್ಲು ಅನ್ನುವುದು. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಇದೇ.

ಎಲ್ಲಕ್ಕಿಂತ ಒಳ್ಳೆಯದು ಮಾವಳ, ಮುಳಶಿ ಕಡೆಯ ಗುಡ್ಡದ ಹುಲ್ಲು. ಮಳೆ ನಿಂತ ಮೇಲೆ ಅಕ್ಟೋಬರ್–ನವೆಂಬರಿನಲ್ಲಿ ಕೊಯ್ದು ಒಣಗಿಸಿ ಕಟ್ಟುತ್ತಾರೆ. ಮರಾಠಿಯವರು ಪವನ್ಯಾ, ಡೋಂಗರಿ, ಮಾರ್ವೇಲ್ ಅಂತ ಹೆಸರು ಹೇಳುತ್ತಾರೆ. ಮೂರೂ ಕುದುರೆಗೆ ಆಗುತ್ತವೆ. ಕೊಳ್ಳುವಾಗ ಒಂದು ಪೆಂಡಿ ಬಿಚ್ಚಿಸಿ. ಬಿಚ್ಚದೆ ಕೊಳ್ಳಬೇಡಿ. ಹೊರಗೆ ಹೊಂಬಣ್ಣ ಇದ್ದು ನಡುವೆ ಕಪ್ಪಿದ್ದರೆ, ಬೂದಿಯಂಥ ಪುಡಿ ಹಾರಿದರೆ, ಮೂಗಿಗೆ ಮುಗ್ಗಲು ವಾಸನೆ ಹೊಡೆದರೆ ಬಿಟ್ಟುಬಿಡಿ. ಅದು ಅರ್ಧ ಒಣಗಿದಾಗ ಕಟ್ಟಿದ್ದು. ಎಮ್ಮೆ ಹೇಗೋ ತಡೆದೀತು, ಕುದುರೆಗೆ ಕೆಮ್ಮೂ ಬರುತ್ತದೆ, ಶೂಲೆಯೂ ಬರುತ್ತದೆ. ಇನ್ನೊಂದು, ಕುಸಳ್ ಅನ್ನುವ ಹುಲ್ಲು ಬೆರೆತಿರುತ್ತದೆ. ಅದರ ತೆನೆಯಲ್ಲಿ ಸೂಜಿಯಂಥ ಮುಳ್ಳು, ನಮ್ಮ ಪ್ಯಾಂಟಿಗೆ ಚುಚ್ಚಿಕೊಳ್ಳುವಂಥದ್ದು. ಹೂ ಬಿಡುವ ಮುಂಚೆ ಕೊಯ್ದಿದ್ದರೆ ಪರವಾಗಿಲ್ಲ. ತೆನೆ ಬಲಿತಿದ್ದರೆ ಕುದುರೆಯ ನಾಲಿಗೆ, ವಸಡಿನಲ್ಲಿ ನಾಟುತ್ತದೆ. ಹೋದ ವರ್ಷ ಒಂದು ಕುದುರೆ ಮೂರು ದಿನದಿಂದ ತಿನ್ನುತ್ತಿಲ್ಲ ಅಂತ ಕರೆದರು. ಬಾಯಿ ಬಿಡಿಸಿ ಬ್ಯಾಟರಿ ಬಿಟ್ಟು ನೋಡಿದರೆ ತುಟಿಯ ಒಳಗಡೆ ಇಪ್ಪತ್ತಕ್ಕೂ ಜಾಸ್ತಿ ಮುಳ್ಳು. ಚಿಮಟಿಗೆಯಲ್ಲಿ ಒಂದೊಂದಾಗಿ ಕಿತ್ತೆ. ಅದು ಪಾಪ ಕಣ್ಣು ಮುಚ್ಚಿಕೊಂಡು ನಿಂತಿತ್ತು.

ಜೋಳದ ಕಣಿಕೆ, ಇಲ್ಲಿಯವರ ಕಡಬಾ. ನಮ್ಮ ಎರಡೂ ಸೀಮೆಗೆ ಹಳೇ ನಂಟು. ಒಣಗಿದ್ದು, ಎಲೆ ಜಾಸ್ತಿ ಇರುವುದು, ಬೆರಳುದ್ದ ಕತ್ತರಿಸಿದ್ದು ಆದರೆ ಒಟ್ಟು ಮೇವಿನ ಮೂರನೇ ಒಂದು ಪಾಲು ಕೊಡಬಹುದು. ಅದನ್ನೇ ಪೂರ್ತಿ ಮೇವು ಮಾಡಬೇಡಿ. ಒಂದು ಮಾತು ಗಮನಿಸಿ. ಹಿಂಗಾರಿ ಜೋಳ ಈಗಿನ್ನೂ ಹೊಲದಲ್ಲಿದೆ, ಕೊಯ್ಲು ಆಗುವುದು ಜನವರಿ ಕೊನೆ, ಫೆಬ್ರವರಿಗೆ. ಅಂದರೆ ಈಗ ನಿಮಗೆ ಸಿಗುವ ಕಣಿಕೆ ಬಹಳ ಸಲ ಹಿಂದಿನ ವರ್ಷದ ಬಣವೆಯ ತಳ. ಇಡೀ ಮಳೆಗಾಲ ಕಂಡದ್ದು. ಕಪ್ಪು ಚುಕ್ಕೆ ಇದ್ದರೆ ಎಸೆಯಿರಿ.

ಹಸಿ ಜೋಳ ಮಾತ್ರ ಬೇಡವೇ ಬೇಡ. ಈ ತಿಂಗಳಲ್ಲಿ ರೈತರು ಹೊಲದಿಂದ ಕಿತ್ತ ಹಸಿ ಜೋಳವನ್ನು ಅಗ್ಗಕ್ಕೆ ಕೊಡುತ್ತಾರೆ, ಕುದುರೆ ಆಸೆಯಿಂದ ತಿನ್ನುತ್ತದೆ. ನೀರಿಲ್ಲದೆ ಗಿಡ್ಡಗಾದ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಮರಿ ಒಡೆದ ಚಿಗುರಿನಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ದನಗಳು ಮೇದು ಸತ್ತದ್ದು ನಿಮ್ಮ ಊರಲ್ಲಿ ಕೇಳಿಯೇ ಇರುತ್ತೀರಿ. ಕುದುರೆಗೆ ಇನ್ನೂ ಒಂದು ಕಾಟ ಇದೆ. ವಾರಗಟ್ಟಲೆ ಹಸಿ ಜೋಳ ತಿಂದರೆ ಹಿಂಗಾಲು ತೂರಾಡುತ್ತವೆ, ಉಚ್ಚೆ ತೊಟ್ಟಿಕ್ಕುತ್ತಾ ತೊಡೆಯೆಲ್ಲ ಸುಡುತ್ತದೆ. ಹಿಂಗಾಲಿಗೆ ಬಂದ ಬಲಹೀನತೆ ಆಮೇಲೆ ಪೂರ್ತಿ ವಾಸಿಯಾಗುವುದು ಅಪರೂಪ.

ಕಬ್ಬಿನ ವಾಡಿ ಯಾಕೆ ಹಾಕುತ್ತಿದ್ದೀರಿ ಅಂತ ನನಗೆ ಅರ್ಥವಾಗುತ್ತದೆ. ಕಾರ್ಖಾನೆ ಶುರುವಾದ ಮೇಲೆ ಈ ಜಿಲ್ಲೆಯಲ್ಲಿ ಅದಕ್ಕಿಂತ ಅಗ್ಗದ ಹಸಿರು ಇಲ್ಲ. ಆದರೆ ವಾಡಿಯಲ್ಲೂ, ದನದ ಮೇವಿಗೆ ಬೆಳೆಸುವ ನೇಪಿಯರ್ ಹುಲ್ಲಿನಲ್ಲೂ ಆಕ್ಸಲೇಟ್ ಅನ್ನುವ ಅಂಶ ಇದೆ. ಅದು ಮೇವಿನಲ್ಲಿರುವ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಂಡು ಕುದುರೆಯ ಮೈಗೆ ಸೇರಲು ಬಿಡುವುದಿಲ್ಲ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ. ಅಲ್ಲಿನ ಜೀವಿಗಳು ಆಕ್ಸಲೇಟನ್ನು ಬಹುಮಟ್ಟಿಗೆ ಮೊದಲೇ ಒಡೆದುಹಾಕುತ್ತವೆ. ಕುದುರೆಯಲ್ಲಿ ಕ್ಯಾಲ್ಸಿಯಂ ಹೀರುವುದು ಸಣ್ಣ ಕರುಳು, ಒಡೆಯುವ ಜೀವಿಗಳಿರುವುದು ಅದರ ಹಿಂದೆ. ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ವಾಡಿಯನ್ನು ದಿನಕ್ಕೆ ಎರಡು ಮೂರು ಕೆಜಿಗೆ ಇಳಿಸಿ, ಬಾಯಿ ರುಚಿಗೆ ಅಷ್ಟೇ.

ಹಸಿರು ಬೇಕೇ ಬೇಕು ಅಂದರೆ ಚಳಿಗಾಲ ಕೊಡುವ ಒಳ್ಳೆಯ ಮೇವು ಲೂಸರ್ನ್. ಕರ್ನಾಟಕದಲ್ಲಿ ಇದರ ಹೆಸರೇ ಕುದುರೆ ಮಸಾಲೆ. ಇಲ್ಲಿ ಲಸೂಣ ಘಾಸ್ ಅಂತ ಕೇಳಿ. ಅಕ್ಟೋಬರ್–ನವೆಂಬರಿನಲ್ಲಿ ಬಿತ್ತಿದ್ದು ಈಗ ಕೊಯ್ಲಿಗೆ ಬಂದಿರುತ್ತದೆ. ಪ್ರೊಟೀನೂ ಇದೆ, ಕ್ಯಾಲ್ಸಿಯಮ್ಮೂ ಧಾರಾಳ. ಕೊಯ್ದ ತಕ್ಷಣ ಕೊಡಬೇಡಿ, ಅರ್ಧ ದಿನ ನೆರಳಲ್ಲಿ ಹರಡಿ ಬಾಡಿಸಿ. ಬಿಳಿಯದಕ್ಕೆ ಮೂರು ಕೆಜಿ, ಹಳೆಯದಕ್ಕೆ ಐದು ಕೆಜಿ ತನಕ ಕೊಡಬಹುದು. ಅರ್ಧ ಕೆಜಿಯಿಂದ ಶುರುಮಾಡಿ ಏರಿಸುತ್ತಾ ಹೋಗಿ. ಹುಲ್ಲಿಗೆ ಬದಲಾಗಿ ಅಲ್ಲ, ಹುಲ್ಲಿನ ಜೊತೆಗೆ. ಈಗ ಗಜ್ಜರಿಯೂ ಅಗ್ಗ. ಒಂದೆರಡು ಕೆಜಿ ಕೊಡಿ, ಉದ್ದುದ್ದ ಸೀಳಿ ಕೊಡಿ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರೆ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಕಾಳಿಗೆ ಬರೋಣ. ನೀವು ಒಂದು ಹೊತ್ತಿಗೆ ಎರಡೂವರೆ ಕೆಜಿ ಸಜ್ಜೆ-ಕಡಲೆ ಕೊಡುತ್ತಿದ್ದೀರಿ. ಅದರಲ್ಲಿ ಹತ್ತಿರ ಹತ್ತಿರ ಅರ್ಧಕ್ಕೂ ಜಾಸ್ತಿ ಪಿಷ್ಟ. ಅಂದರೆ ಒಂದೇ ಊಟದಲ್ಲಿ ಒಂದು ಕೆಜಿಗಿಂತ ಮೇಲೆ ಪಿಷ್ಟ ಹೋಯಿತು. ಕುದುರೆಯ ಸಣ್ಣ ಕರುಳು ನಿಶ್ಚಿಂತೆಯಿಂದ ಕರಗಿಸುವುದು ಒಂದು ಹೊತ್ತಿಗೆ ಮೈತೂಕದ ಪ್ರತಿ ಕೆಜಿಗೆ ಒಂದು ಗ್ರಾಂ. ನಿಮ್ಮ ಬಿಳಿ ಕುದುರೆಗೆ 355 ಗ್ರಾಂ. ಮೂರು ಪಟ್ಟು ಜಾಸ್ತಿ ಆಯಿತಲ್ಲ. ಆ ಹೊಟ್ಟೆಶೂಲೆಗೆ ನಾನು ಬೇರೆ ಕಾರಣ ಹುಡುಕುವುದಿಲ್ಲ. ಅದೂ ಹೊಸ ಜಾಗ, ದೂರದ ಪ್ರಯಾಣ, ಒಂದೇ ದಿನದಲ್ಲಿ ಬದಲಾದ ಮೇವು. ಸಾರಂಗಖೇಡಾ ಇರುವುದು ತಾಪಿ ದಂಡೆಯ ಮೇಲೆ, ನಂದುರ್ಬಾರ್ ಜಿಲ್ಲೆಯಲ್ಲಿ. ಅಲ್ಲಿಂದ ವಾಘೋಲಿಗೆ ಟೆಂಪೊದಲ್ಲಿ ರಾತ್ರಿಯಿಡೀ ನಿಂತು ಬಂದಿರುತ್ತದೆ. ದತ್ತ ಜಯಂತಿಯ ಆ ಜಾತ್ರೆ ಮುಗಿದ ವಾರದಲ್ಲಿ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಜನ ಕುದುರೆಯ ಸುಳಿ ನೋಡುತ್ತಾರೆ, ಕಿವಿ ನೋಡುತ್ತಾರೆ, ನಡಿಗೆ ನೋಡುತ್ತಾರೆ. ‘ಏನು ತಿನ್ನುತ್ತಿತ್ತು?’ ಅಂತ ಮಾತ್ರ ಕೇಳುವುದಿಲ್ಲ. ಮುಂದಿನ ಸಲ ಮಾರುವವನಿಂದ ಅವನ ಹುಲ್ಲು, ಅವನ ಕಾಳು ಒಂದು ಚೀಲ ಜೊತೆಗೇ ಕೊಂಡು ತನ್ನಿ. ಹತ್ತರಿಂದ ಹದಿನಾಲ್ಕು ದಿನದಲ್ಲಿ ನಿಮ್ಮ ಮೇವಿಗೆ ದಾಟಿಸಿ.

ಈಗಲೂ ಕಾಳನ್ನು ಏಕಾಏಕಿ ನಿಲ್ಲಿಸುವುದು ಬೇಡ. ಮೊದಲು ಹುಲ್ಲು ಏರಿಸಿ, ಆಮೇಲೆ ಎರಡು ದಿನಕ್ಕೆ ಅರ್ಧ ಕೆಜಿಯಂತೆ ಕಾಳು ಇಳಿಸಿ. ಬಿಳಿಯದು ದಿನಕ್ಕೆ ಒಂದೂವರೆ ಕೆಜಿಗೆ ನಿಲ್ಲಲಿ, ಮೂರು ಹೊತ್ತಿಗೆ ಹಂಚಿ. ಸಜ್ಜೆಯ ಬದಲು ಓಟ್ಸ್ ಸಿಕ್ಕರೆ ವಾಸಿ. ರೇಸ್ ಕುದುರೆಯವರು ಬಳಸುವ ಸಿಪ್ಪೆ ಇರುವ ಓಟ್ಸ್, ನಾವು ಗಂಜಿ ಮಾಡುವುದಲ್ಲ. ಅದರಲ್ಲಿ ನಾರು ಜಾಸ್ತಿ, ಪಿಷ್ಟ ಬೇಗ ಕರಗುತ್ತದೆ. ಹುರುಳಿಯೂ ಒಳ್ಳೆಯದೇ, ಇಂಗ್ಲಿಷಿನವರು ಅದಕ್ಕೆ ಕುದುರೆಯ ಹೆಸರನ್ನೇ ಇಟ್ಟಿದ್ದಾರೆ. ಆದರೆ ಬೇಯಿಸಿ ಕೊಡಿ, ಹಸಿ ಕಾಳಿನಲ್ಲಿ ಪ್ರೊಟೀನ್ ಕರಗಲು ಅಡ್ಡಬರುವ ಅಂಶ ಇದೆ. ದಿನಕ್ಕೆ ಅರ್ಧ ಕೆಜಿ ಸಾಕು. ಗೋವಿನಜೋಳ ಕೊಡುವುದಾದರೆ ಮುಗ್ಗು ಹಿಡಿದದ್ದು ಒಂದು ಹಿಡಿಯೂ ಇರಬಾರದು. ಅದರ ಬೂಸ್ಟಿನ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತದೆ, ಮದ್ದಿಲ್ಲ.

ನೀವು ಲೆಕ್ಕಕ್ಕೆ ತೆಗೆದುಕೊಳ್ಳದ ಕಾಳು ಇನ್ನೊಂದಿದೆ. ಮದುವೆ ಮನೆಯಲ್ಲಿ ವರನ ಅಕ್ಕತಂಗಿಯರು ಕುದುರೆಗೆ ನೆನೆಸಿದ ಕಡಲೆಬೇಳೆ ತಿನ್ನಿಸುವ ಶಾಸ್ತ್ರ ಇರುತ್ತದಲ್ಲ. ಒಬ್ಬೊಬ್ಬರು ಒಂದು ಮುಷ್ಟಿ, ಫೋಟೊಗ್ರಾಫರು ‘ಇನ್ನೊಂದ್ಸಲ’ ಅಂದಾಗ ಮತ್ತೊಂದು ಮುಷ್ಟಿ. ಒಂದೇ ದಿನ ಎರಡು ಮೆರವಣಿಗೆ ಇದ್ದರೆ ಅಲ್ಲೇ ಒಂದು ಕೆಜಿ ಆಗುತ್ತದೆ, ಜೊತೆಗೆ ಲಾಡು, ಬೆಲ್ಲ. ಶಾಸ್ತ್ರ ಬೇಡ ಅನ್ನಲು ಆಗುವುದಿಲ್ಲ. ತಟ್ಟೆಯನ್ನು ನೀವೇ ಒಯ್ಯಿರಿ, ಅದರಲ್ಲಿ ಕಾಲು ಕೆಜಿ ಬೇಳೆ, ಉಳಿದದ್ದು ಗಜ್ಜರಿ ಸೀಳು ಇರಲಿ. ಫೋಟೊದಲ್ಲಿ ಬಣ್ಣವೂ ಚೆನ್ನಾಗಿ ಬರುತ್ತದೆ.

ಬೆಲ್ಲ ಒಂದು ನಿಂಬೆಹಣ್ಣಿನ ಗಾತ್ರ ಕೊಟ್ಟರೆ ಏನೂ ಆಗುವುದಿಲ್ಲ, ಏನೂ ಉಪಯೋಗವೂ ಇಲ್ಲ. ತುಪ್ಪದ ಬಗ್ಗೆ ನಿಮ್ಮ ಅಪ್ಪನ ಮಾತು ಪೂರಾ ತಪ್ಪಲ್ಲ. ಕುದುರೆಗೆ ಜಿಡ್ಡು ಚೆನ್ನಾಗಿ ಕರಗುತ್ತದೆ. ಅದಕ್ಕೆ ಪಿತ್ತಕೋಶವೇ ಇಲ್ಲ, ಪಿತ್ತ ಸದಾ ಹನಿಯುತ್ತಾ ಇರುತ್ತದೆ. ಹಾಗಾಗಿ ಒಂದೇ ಸಲ ಸುರಿಯದೆ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಕೊಡಬೇಕು. ಆದರೆ ಆ ಕೆಲಸವನ್ನು ಶೇಂಗಾ ಎಣ್ಣೆಯೋ ಸೋಯಾ ಎಣ್ಣೆಯೋ ಅಷ್ಟೇ ಚೆನ್ನಾಗಿ ಮಾಡುತ್ತದೆ. ತುಪ್ಪವನ್ನು ಭೋಗಿಯ ದಿನ ಅಪ್ಪನ ಸಜ್ಜೆ ರೊಟ್ಟಿಗೆ ಹಾಕಿ.

ಬೂಸಾದ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಪುಣೆಗೆ ಬಂದ ಹೊಸತು. ಸವಾರಿ ಕಲಿಸುವ ಒಂದು ಜಾಗದಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದೆ. ಚಳಿಗಾಲದಲ್ಲಿ ದಿನಾ ಸಂಜೆ ಗೋಧಿ ಬೂಸಾವನ್ನು ಬಿಸಿ ನೀರಿನಲ್ಲಿ ಕಲಸಿ ಕೊಡಿ, ಹೊಟ್ಟೆ ಬೆಚ್ಚಗಿರುತ್ತದೆ, ಲದ್ದಿ ಸಡಿಲವಾಗುತ್ತದೆ ಅಂತ ನಾನೇ ಹೇಳಿದ್ದೆ. ಪುಸ್ತಕದಲ್ಲೂ ಹಾಗೇ ಓದಿದ ನೆನಪು. ಅವರು ಚಳಿಗಾಲ ಮುಗಿದ ಮೇಲೂ ನಿಲ್ಲಿಸಲಿಲ್ಲ, ನಾನೂ ಕೇಳಲಿಲ್ಲ. ಮೇವು ಪೂರ್ತಿ ನೇಪಿಯರ್. ಮಳೆಗಾಲದ ಹೊತ್ತಿಗೆ ಒಂದು ಕಂದು ಕುದುರೆ ಒಂದು ದಿನ ಮುಂಗಾಲು ಕುಂಟುತ್ತಿತ್ತು, ಇನ್ನೊಂದು ದಿನ ಹಿಂಗಾಲು. ಲಾಳ ತೆಗೆಸಿದೆ, ಗೊರಸು ಒತ್ತಿ ನೋಡಿದೆ, ಏನೂ ಸಿಗಲಿಲ್ಲ. ಒಂದು ಸಂಜೆ ಸುಮ್ನೆ ಮುಖ ಸವರುತ್ತಿದ್ದಾಗ ಬೆರಳಿಗೆ ತಿಳಿಯಿತು. ಕಣ್ಣಿನ ಕೆಳಗೆ ಚೂಪಾಗಿರಬೇಕಾದ ಮೂಳೆಯ ಏಣು ಉಬ್ಬಿ ಮೆತ್ತಗೆ ದುಂಡಗಾಗಿತ್ತು. ಬೂಸಾದಲ್ಲಿ ಕ್ಯಾಲ್ಸಿಯಮ್ಮಿಗಿಂತ ರಂಜಕ ಎಂಟು-ಹತ್ತು ಪಟ್ಟು. ಕುದುರೆಗೆ ಬೇಕಾದದ್ದು ಅದರ ಉಲ್ಟಾ, ಒಂದು ಪಾಲು ರಂಜಕಕ್ಕೆ ಒಂದೂವರೆ ಎರಡು ಪಾಲು ಕ್ಯಾಲ್ಸಿಯಂ. ಮೇವಿನಲ್ಲಿ ಸಿಗದ ಕ್ಯಾಲ್ಸಿಯಮ್ಮನ್ನು ಮೈ ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ, ಮೂಳೆ ಇದ್ದ ಜಾಗದಲ್ಲಿ ನಾರು ಬೆಳೆಯುತ್ತದೆ. ದೊಡ್ಡ ತಲೆ ರೋಗ ಅಂತಲೇ ಇದಕ್ಕೆ ಹೆಸರು. ಕುಂಟು ಹೋಯಿತು, ಉಬ್ಬಿದ ಮುಖ ಹಾಗೇ ಉಳಿಯಿತು.

ನೀವು ಕೊಡುತ್ತಿರುವುದು ಬೂಸಾ, ಕಾಳು, ವಾಡಿ. ಮೂರೂ ಒಂದೇ ಕಡೆಗೆ ಎಳೆಯುತ್ತಿವೆ. ಬೂಸಾವನ್ನು ವಾರಕ್ಕೆ ಒಂದೆರಡು ಸಲಕ್ಕೆ ಇಳಿಸಿ. ಮೇವಿಗೆ ಬಳಸುವ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ದಿನಕ್ಕೆ 30 ಗ್ರಾಂ ಕಾಳಿಗೆ ಬೆರೆಸಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಅಲ್ಲ, ಅದು ಬಾಯಿ ಸುಡುತ್ತದೆ.

ನೀರು. ಹಸಿ ಹುಲ್ಲಿನಲ್ಲಿ 100ಕ್ಕೆ 75–80 ಭಾಗ ನೀರೇ ಇರುತ್ತದೆ, ಒಣ ಹುಲ್ಲಿನಲ್ಲಿ ಹತ್ತು ಹದಿನೈದು. ಹಾಗಾಗಿ ಮೇವು ಒಣಗಿದ ಹಾಗೆ ಕುದುರೆ ಜಾಸ್ತಿ ಕುಡಿಯಬೇಕು, ಆದರೆ ಸಿಮೆಂಟ್ ತೊಟ್ಟಿಯ ನೀರು ಬೆಳಿಗ್ಗೆ ಕೊರೆಯುತ್ತಿರುತ್ತದೆ, ಮೂತಿ ಮುಟ್ಟಿಸಿ ಬಿಟ್ಟುಬಿಡುತ್ತದೆ. ಒಳಗೆ ಲದ್ದಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಬೋರ್‌ವೆಲ್ ನೀರು ಬೆಳಿಗ್ಗೆ ಬೆಚ್ಚಗೇ ಬರುತ್ತದೆ. ರಾತ್ರಿ ತುಂಬಿಡದೆ ಬೆಳಿಗ್ಗೆ ಹುಲ್ಲು ಹಾಕುವ ಹೊತ್ತಿಗೆ ಹೊಸದಾಗಿ ಬಿಡಿ. ಬಕೆಟ್ ಲೆಕ್ಕದಲ್ಲಿ ಕುಡಿಸಿ, ದಿನಕ್ಕೆ 25ರಿಂದ 35 ಲೀಟರ್ ಹೋಗಬೇಕು. ಕಾಳಿಗೆ ದಿನಕ್ಕೆ 25–30 ಗ್ರಾಂ ಅಡುಗೆ ಉಪ್ಪು ಹಾಕಿದರೆ ಬಾಯಾರಿಕೆ ತಾನಾಗಿ ಬರುತ್ತದೆ.

ನಿಮ್ಮ ಕಸುಬಿನದೇ ಒಂದು ತೊಡಕು ಇದೆ. ತುಳಸಿ ಲಗ್ನ ಆದ ಮೇಲೆ ಮದುವೆ ಮೇಲೆ ಮದುವೆ. ಆಮೇಲೆ ಧನುರ್ಮಾಸ, ಒಂದು ತಿಂಗಳು ಕೆಲಸ ಇಲ್ಲ. ಈಗ ನಿಮ್ಮ ಕುದುರೆಗಳು ಸುಮ್ನೆ ನಿಂತಿವೆ, ಆದರೆ ದುಡಿಯುವ ದಿನಕ್ಕಿಂತ ಜಾಸ್ತಿ ಕಾಳು ತಿನ್ನುತ್ತಿವೆ. ಸಂಕ್ರಾಂತಿ ಮುಗಿದು ಮೊದಲ ಮೆರವಣಿಗೆಗೆ ಹೊರಟಾಗ ಅರ್ಧ ದಾರಿಯಲ್ಲಿ ಬೆವರಿ, ಸೊಂಟದ ಸ್ನಾಯು ಕಲ್ಲಿನಂತಾಗಿ, ಹೆಜ್ಜೆ ಇಡದೆ ನಿಂತುಬಿಡಬಹುದು. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಗಾಡಿ ಕುದುರೆಗಳಿಗೆ ಭಾನುವಾರ ರಜೆ, ಕಾಳು ಮಾತ್ರ ಪೂರ್ತಿ. ಸೋಮವಾರ ಹೀಗಾಗುತ್ತಿತ್ತು, ಅದಕ್ಕೇ ಸೋಮವಾರದ ರೋಗ ಅನ್ನುತ್ತಿದ್ದರು. ಕೆಲಸ ಇಲ್ಲದ ದಿನ ಕಾಳು ಅರ್ಧ ಮಾಡಿ, ಹುಲ್ಲು ಕಮ್ಮಿ ಮಾಡಬೇಡಿ, ದಿನಾ ಅರ್ಧ ಗಂಟೆ ನಡೆಸಿ. ಮೆರವಣಿಗೆಯ ದಿನ ಟೆಂಪೊದಲ್ಲಿ ಹುಲ್ಲಿನ ಬಲೆ ಕಟ್ಟಿ. ವರ ಬರುವುದು ಯಾವಾಗಲೂ ತಡವೇ, ಕಡಿವಾಣ ಕಚ್ಚಿಸಿ ಮೂರು ಗಂಟೆ ಬರಿಹೊಟ್ಟೆ ನಿಲ್ಲಿಸಬೇಡಿ.

ಹಳೆಯ ಕುದುರೆಗೆ ಮೊದಲು ಹಲ್ಲು ನೋಡಿಸಿ. ಹದಿನೆಂಟು ವರ್ಷ ಅಂದಿರಿ. ನೆಲದಲ್ಲಿ ಜಗಿದು ಉಗುಳಿದ ಹುಲ್ಲಿನ ಉಂಡೆ ಬಿದ್ದಿವೆಯಾ? ಲದ್ದಿ ಒಡೆದು ನೋಡಿ, ಇಡೀ ಕಾಳು ಹಾಗೇ ಹೊರಬರುತ್ತಿದೆಯಾ, ಹುಲ್ಲಿನ ನಾರು ಬೆರಳಿನ ಒಂದು ಗೆಣ್ಣಿಗಿಂತ ಉದ್ದ ಇದೆಯಾ? ಹಾಗಿದ್ದರೆ ಅದು ತಿನ್ನುತ್ತಿದೆ, ಅಗಿಯುತ್ತಿಲ್ಲ. ಐದಲ್ಲ, ಹತ್ತು ಕೆಜಿ ಕಾಳು ಕೊಟ್ಟರೂ ಮೈಗೆ ಹತ್ತುವುದಿಲ್ಲ. ಹಲ್ಲಿನ ಚೂಪು ಏಣುಗಳನ್ನು ಅರದಿಂದ ಉಜ್ಜಿಸಿದರೆ ಎಷ್ಟೋ ಕುದುರೆ ಎರಡು ತಿಂಗಳಲ್ಲಿ ತುಂಬಿಕೊಳ್ಳುತ್ತವೆ. ಅಲ್ಲಿಯವರೆಗೆ ಹುಲ್ಲನ್ನು ಸಣ್ಣಗೆ ಕತ್ತರಿಸಿ ನೀರು ಚಿಮುಕಿಸಿ ಹಾಕಿ. ಕಾಳು ಮೂರು ಕೆಜಿ ಮೀರದಿರಲಿ, ನಾಲ್ಕು ಹೊತ್ತಿಗೆ ಹಂಚಿ, ನುಚ್ಚು ಮಾಡಿ ನೆನೆಸಿ. ಎಣ್ಣೆ ದಿನಕ್ಕೆ 50 ಎಂಎಲ್‌ನಿಂದ ಶುರುಮಾಡಿ ಮೂರು ವಾರದಲ್ಲಿ 200ಕ್ಕೆ ಒಯ್ಯಿರಿ. ಇಳಿದ ಮೈಯ ಮುದುಕನಿಗೆ ರಾತ್ರಿ ಝೂಲು ಹೊದಿಸಬಹುದು. ಬಿಸಿಲೇರುತ್ತಲೇ ತೆಗೆಯಿರಿ, ಬೆವರಿನಲ್ಲಿ ಒದ್ದೆಯಾದ ಝೂಲು ಇಲ್ಲದಿದ್ದದ್ದಕ್ಕಿಂತ ಕೆಟ್ಟದ್ದು. ಜಂತು ಔಷಧಿಯೂ ಬಾಕಿ ಇದ್ದರೆ ಈಗ ಕೊಡಿಸಿ, ಟೇಪಿನಲ್ಲಿ ಅಳೆದ ತೂಕ ಹೇಳಿ. ಮುಂಗಾಲಿನ ಕೂದಲಿಗೆ ಅಂಟಿದ ಸಣ್ಣ ಹಳದಿ ಚುಕ್ಕೆಗಳು ಕಂಡರೆ ಅದು ನೊಣದ ಮೊಟ್ಟೆ, ಕೆರೆದು ತೆಗೆಯಿರಿ.

ಮೈಗೆ ಹತ್ತುತ್ತಿದೆಯಾ ಅಂತ ತಿಳಿಯಲು ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಮುಷ್ಟಿ ಬಿಗಿದಾಗ ಗೆಣ್ಣು ಹೇಗೆ ತಾಕುತ್ತದೋ ಹಾಗಿದ್ದರೆ ಬಡಕಲು. ಬಿಡಿಸಿದ ಕೈಯ ಹಿಂಭಾಗದಂತೆ ಇದ್ದರೆ ಸರಿ. ಅಂಗೈಯಂತೆ ಮೆತ್ತಗಿದ್ದರೆ ಜಾಸ್ತಿಯಾಯಿತು. ಉದ್ದ ಕೂದಲು ಬಂದಾಗ ಕಣ್ಣು ಮೋಸ ಮಾಡುತ್ತದೆ, ಕೈ ಮಾಡುವುದಿಲ್ಲ.

ಒಂದು ಕಟ್ಟುನಿಟ್ಟಿನ ಮಾತು. ಪಕ್ಕದ ಡೇರಿಯಿಂದ ಹಾಲಿನ ಎಮ್ಮೆಯ ಪೆಲೆಟ್ ತಂದು ಕುದುರೆಗೆ ಹಾಕಬೇಡಿ, ಕೋಳಿ ಫೀಡಂತೂ ಹತ್ತಿರವೂ ಇರಬಾರದು. ಕೆಲವದರಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ದನಕ್ಕೆ, ಕೋಳಿಗೆ ಅದು ಒಗ್ಗುತ್ತದೆ. ಕುದುರೆಗೆ ಮೈತೂಕದ ಪ್ರತಿ ಕೆಜಿಗೆ ಎರಡು ಮೂರು ಮಿಲಿಗ್ರಾಂ ಸೇರಿದರೆ ಹೃದಯ ನಿಲ್ಲುತ್ತದೆ. ಅದೇ ಗಾಡಿಯಲ್ಲಿ ಬಂದ ಚೀಲ, ಅದೇ ಬುಟ್ಟಿ, ಅದೂ ಬೇಡ.

ಬಿಳಿಯದು ಮತ್ತೆ ಕಾಲು ಕೆರೆದರೆ, ತಿರುಗಿ ತಿರುಗಿ ಪಕ್ಕೆ ನೋಡಿದರೆ, ಹೊರಳಾಡಿದರೆ, ಇಲ್ಲವೇ ಅರ್ಧ ದಿನ ಲದ್ದಿ ಹಾಕದಿದ್ದರೆ ಎಲ್ಲ ಮೇವು ತೆಗೆದಿಟ್ಟು ಡಾಕ್ಟರಿಗೆ ಫೋನು ಮಾಡಿ. ಬರುವವರೆಗೆ ನಿಧಾನಕ್ಕೆ ನಡೆಸಿ, ಓಡಿಸಬೇಡಿ. ಬಾಯಿಗೆ ಓಂಕಾಳಿನ ಕಷಾಯ, ಎಣ್ಣೆ ಏನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದರೆ ಶೂಲೆಗಿಂತ ದೊಡ್ಡ ಕಷ್ಟ.

ಹಲ್ಲು ನೋಡಲು ಬರುವ ದಿನ ಹಳೆಯದಕ್ಕೆ ಬೆಳಿಗ್ಗೆ ಕಾಳು ಹಾಕಬೇಡಿ, ಮಂಪರಿನ ಇಂಜೆಕ್ಷನ್ ಕೊಡಬೇಕಾಗುತ್ತದೆ. ಎಚ್ಚರವಾಗಿ ತಲೆ ಎತ್ತಿ ನಿಂತ ಮೇಲೆಯೇ ಹುಲ್ಲು. ಮೊದಲ ಎರಡು ದಿನ ದವಡೆ ನೋವಿರುತ್ತದೆ, ನೆನೆಸಿದ್ದನ್ನೇ ಕೊಡಿ.